ಬಬಲ್ ಸಾರ್ಟಿನ ಹಸ್ತಪ್ರತಿ ಪರಂಪರೆ: ಒಂದು ಪಾಠಪರಿಷ್ಕರಣ ಪ್ರಯತ್ನ

ಎಂಜಿನಿಯರಿಂಗ್ ಕಾಲೇಜಿನ ಸಿ ಲ್ಯಾಬಿನಲ್ಲಿ ವಿದ್ಯಾರ್ಥಿಗಳು ಒಪ್ಪಿಸುವ ಪ್ರೋಗ್ರಾಮುಗಳನ್ನು ಅವರವರ ಸ್ವತಂತ್ರ ರಚನೆಗಳೆಂದು ಭಾವಿಸಿ ಅಂಕವಿತ್ತು, ಆ ಅಂಕಗಳು ಏರಿದಾಗ ಹಿಗ್ಗಿ, ಇಳಿದಾಗ ಕುಗ್ಗಿ, ಅದರ ಕಾರಣವನ್ನು ಒಮ್ಮೆ ಬುದ್ಧಿಮತ್ತೆಯಲ್ಲಿಯೂ ಒಮ್ಮೆ ಪಠ್ಯಕ್ರಮದಲ್ಲಿಯೂ ಅರಸುತ್ತ ಬಂದಿರುವ ಅಧ್ಯಾಪಕವರ್ಗವು ಮೂಲಭೂತವಾದ ಒಂದು ಪ್ರಮಾದಕ್ಕೆ ಒಳಗಾಗಿದೆಯೆಂದು ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇ ಪ್ರಕೃತ ಪ್ರಬಂಧದ ಉದ್ದೇಶ. ಅರವತ್ತು ಮಂದಿಯ ತರಗತಿಯಲ್ಲಿ ಅರವತ್ತು ಪ್ರೋಗ್ರಾಮುಗಳಿರುವುದಿಲ್ಲ. ಒಂದು ಪ್ರೋಗ್ರಾಮೂ ಅದರ ಪ್ರತಿಗಳೂ ಇರುತ್ತವೆ. ಆದುದರಿಂದ ಅವುಗಳ ಗುಣದೋಷವಿಚಾರವು ಗಣಕವಿಜ್ಞಾನಿಗೆ ಸೇರಿದುದಲ್ಲ, ಗ್ರಂಥಸಂಪಾದಕನಿಗೆ ಸೇರಿದುದು.

ಈ ವಿವೇಕವಿಲ್ಲದೆ ಹೊರಟವರಿಗೆ ಏನಾಯಿತೆಂಬುದಕ್ಕೆ ನಿದರ್ಶನವುಂಟು. 2001ರಲ್ಲಿ ಮೈಕೆಲ್ ಮೆಕ್‌ಕ್ರ್ಯಾಕನ್ ಎಂಬವರ ನೇತೃತ್ವದ ವಿದ್ವಾಂಸರ ತಂಡವೊಂದು ನಾಲ್ಕು ವಿಶ್ವವಿದ್ಯಾಲಯಗಳ 216 ವಿದ್ಯಾರ್ಥಿಗಳಿಗೆ ಲೆಕ್ಕ ಮಾಡುವ ಸಣ್ಣದೊಂದು ಪ್ರೋಗ್ರಾಮು ಬರೆಯಲು ಕೊಟ್ಟು ನೋಡಲಾಗಿ, 110 ಅಂಕಗಳಿಗೆ ಸರಾಸರಿ 22.89 ಬಂದು, ಪಂಡಿತಲೋಕವು ತಲೆಯ ಮೇಲೆ ಕೈಹೊತ್ತು ಕುಳಿತಿತು. ತಪ್ಪು ವಿದ್ಯಾರ್ಥಿಗಳದಲ್ಲ. ಲಿಪಿಕಾರನನ್ನು ಕೂರಿಸಿ, ಮಾತೃಕೆಯನ್ನು ಕೊಡದೆ, ಕಾವ್ಯ ಬರೆಯೆಂದರೆ ಆತನು ಮಾಡುವುದಾದರೂ ಏನು?

ಸಂಪಾದನಶಾಸ್ತ್ರದ ಪ್ರಥಮ ಸೂತ್ರವೆಂದರೆ, ಎರಡು ಪ್ರತಿಗಳ ಬಾಂಧವ್ಯವು ಸಿದ್ಧವಾಗುವುದು ಅವುಗಳಲ್ಲಿರುವ ಸಮಾನವಾದ ಶುದ್ಧಪಾಠಗಳಿಂದಲ್ಲ, ಸಮಾನವಾದ ಅಪಪಾಠಗಳಿಂದ. ಏಕೆಂದರೆ ಸರಿಯಾದುದನ್ನು ಇಬ್ಬರು ಬೇರೆಬೇರೆಯಾಗಿ ಕಂಡುಕೊಂಡಿರಬಹುದು, ಆದರೆ ‘ಎಲಿಮೆಂಟ್ಸ್’ ಎಂಬಲ್ಲಿ ‘ಎಲಿಮ್ನೆಟ್ಸ್’ ಎಂದು ಒಂದೇ ಮಧ್ಯಾಹ್ನ ಹದಿನಾಲ್ಕು ಜನರು ಸ್ವಪ್ರತಿಭೆಯಿಂದ ಬರೆಯುವುದು ಅಸಂಭವ. ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸುವ ಬಬಲ್ ಸಾರ್ಟ್ ಎಂಬ ಪ್ರೋಗ್ರಾಮಿನ ಒಳಸುತ್ತು ನಿಲ್ಲಬೇಕಾದೆಡೆಯಲ್ಲಿ ನಿಲ್ಲದೆ ಒಂದು ಹೆಜ್ಜೆ ಮುಂದೆ ಹೋಗಿ, ಅರೇಯ ಎಲ್ಲೆಯಾಚೆಗಿರುವ, ತನ್ನದಲ್ಲದ ಮನೆಯನ್ನು ಇಣುಕಿ ನೋಡುವ ಪ್ರಸಿದ್ಧ ದೋಷವು ಯಾವ ಯಾವ ಪ್ರತಿಗಳಲ್ಲಿದೆಯೋ ಅವೆಲ್ಲವೂ ಒಂದು ಶಾಖೆ. ಆ ಶಾಖೆಯ ಮೂಲಪುರುಷನು ಬಹುಶಃ ಹಿಂದಿನ ಬೆಂಚಿನಲ್ಲಿದ್ದಾನೆ. ಇನ್ನು ಪಾಠಾಂತರಗಳ ವಿಚಾರ. ‘ಟೆಂಪ್’ ಎಂಬ ವೇರಿಯಬಲ್ಲು ಒಂದು ಪ್ರತಿಯಲ್ಲಿ ‘ಟಿ’ ಎಂದೂ, ಮತ್ತೊಂದರಲ್ಲಿ ‘ಎಕ್ಸ್’ ಎಂದೂ, ಮೂರನೆಯದರಲ್ಲಿ ಲಿಪಿಕಾರನ ಮನೆಯ ನಾಯಿಯ ಹೆಸರಿನಿಂದಲೂ ಕಾಣಿಸಿಕೊಳ್ಳುವುದು. ಇದು ಅಜಾಗರೂಕತೆಯ ಫಲವಲ್ಲ, ಬುದ್ಧಿಪೂರ್ವಕವಾದ ಪಾಠಪರಿವರ್ತನೆ. ಬದಲಾಯಿಸಲು ಹೊರಟವನು ನಾಲ್ಕು ಕಡೆ ಬದಲಾಯಿಸಿ ಐದನೆಯ ಕಡೆ ಮರೆತಿರುವುದರಿಂದ ಮೂಲಪಾಠವು ಸುಲಭವಾಗಿ ಸಿಕ್ಕಿಬೀಳುತ್ತದೆ.

ಕಾಲನಿರ್ಣಯದಲ್ಲಿ ನಮ್ಮ ಸಾಹಿತ್ಯಚರಿತ್ರಕಾರರು ಪಟ್ಟ ಪಾಡನ್ನು ಬಲ್ಲವರಿಗೆ ಈ ಕ್ಷೇತ್ರದ ಸೌಕರ್ಯವು ಅಸೂಯೆ ಹುಟ್ಟಿಸೀತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಯು.ಎಸ್.ಎನ್. ಎಂಬ ಒಂದು ಸಂಖ್ಯೆಯುಂಟಷ್ಟೆ. ಅದರಲ್ಲಿ ಕಾಲೇಜು, ಪ್ರವೇಶದ ವರ್ಷ, ವಿಭಾಗ ಎಲ್ಲವೂ ಅಡಗಿವೆ. ಪ್ರೋಗ್ರಾಮಿನ ಶಿರೋಭಾಗದ ಟಿಪ್ಪಣಿಯಲ್ಲಿ ತನ್ನ ಹೆಸರನ್ನು ಹಾಕಿಕೊಂಡ ಲಿಪಿಕಾರನು ಅದರ ಕೆಳಗಿನ ಯು.ಎಸ್.ಎನ್. ಬದಲಾಯಿಸಲು ಮರೆತನೆಂದರೆ, ಯಾವ ಶಾಸನತಜ್ಞನ ನೆರವೂ ಇಲ್ಲದೆ ಮೂಲಪ್ರತಿಯ ಕಾಲದೇಶಗಳು ಕರತಲಾಮಲಕ. ಅಳಿಸದೆ ಮರೆಮಾಡಿದ ಭಾಗಗಳೂ ಕಾಲನಿರ್ಣಯಕ್ಕೆ ಒದಗುತ್ತವೆ. ಟರ್ಬೊ ಸಿ ಕಾಲದಲ್ಲಿ ನೀಲಿ ಪರದೆಯೆದುರು ಕುಳಿತು ಬರೆದವರು ಆದಿಯಲ್ಲಿ ‘ಕೊನಿಯೊ’ ಹೆಡರನ್ನು ಸ್ಮರಿಸಿ, ‘ಕ್ಲಿಯರ್‌ಸ್ಕ್ರೀನ್’ ಮಾಡಿ, ಅಂತ್ಯದಲ್ಲಿ ‘ಗೆಟ್‌ಚ್’ ಎಂದು ಮುಗಿಸುತ್ತಿದ್ದರು. ಲ್ಯಾಬು ಲಿನಕ್ಸಿಗೆ ದಾಟಿದ ಮೇಲೆ ಅಲ್ಲಿ ಆ ಹೆಡರೇ ಇಲ್ಲವಾದರೂ ಪರಂಪರಾನಿಷ್ಠನಾದ ಲಿಪಿಕಾರನು ಆ ಸಾಲನ್ನು ಅಳಿಸಲು ಮನಸ್ಸೊಪ್ಪದೆ ಎರಡು ಓರೆಗೀಟುಗಳ ಮರೆಯಲ್ಲಿಟ್ಟು ಕಾಪಾಡಿಕೊಂಡು ಬಂದಿದ್ದಾನೆ. ಪೂರ್ವಸೂರಿಗಳಲ್ಲಿ ಇಷ್ಟು ಗೌರವವನ್ನು ನಾನು ಸಾಹಿತ್ಯ ವಿಭಾಗದಲ್ಲಿಯೂ ಕಂಡಿಲ್ಲ.

ಈ ಪ್ರತಿಗಳನ್ನು ಕೈಯಿಂದ ಬರೆದಿಡುವ ಲ್ಯಾಬಿನ ರೆಕಾರ್ಡ್ ಪುಸ್ತಕದ ವಿಚಾರವಾಗಿ ಒಂದೇ ಮಾತು. ಟರ್ಬೊ ಸಿಯ ಪೂರ್ಣಾಂಕವೊಂದಕ್ಕೆ 65,536 ಬೆಲೆಗಳು ಸಾಧ್ಯವಿದ್ದರೂ ಎಲ್ಲ ರೆಕಾರ್ಡುಗಳಲ್ಲಿಯೂ ವಿಂಗಡಣೆಗೆ ಸಿಕ್ಕಿರುವವು 50, 40, 30, 20, 10 ಇವೇ.

ಪ್ರತಿಗಳ ಬಾಂಧವ್ಯವನ್ನು ಯಂತ್ರದಿಂದಲೇ ಪತ್ತೆಹಚ್ಚುವ ಪ್ರಯತ್ನವೂ ನಡೆದಿದೆ. ಅಲೆಕ್ಸ್ ಐಕನ್ ಎಂಬ ವಿದ್ವಾಂಸರು 1994ರಲ್ಲಿ ರೂಪಿಸಿದ ‘ಮಾಸ್’ ಎಂಬ ಸಾಧನವು ಹೆಸರುಗಳನ್ನೂ ಖಾಲಿ ಜಾಗಗಳನ್ನೂ ಕಡೆಗಣಿಸಿ, ಉಳಿದುದರಿಂದ ಬೆರಳಚ್ಚುಗಳಂತಹ ಗುರುತುಗಳನ್ನು ತೆಗೆದು, ಜೋಡಿ ಜೋಡಿ ಪ್ರತಿಗಳನ್ನು ಹೋಲಿಸಿ ತೋರಿಸುವುದು. ಪರಿಶ್ರಮವು ಶ್ಲಾಘ್ಯವಾದುದೇ. ಆದರೆ ಎರಡು ಪ್ರತಿಗಳು ಒಂದನ್ನೊಂದು ಹೋಲುತ್ತವೆಯೆಂದು ಹೇಳುವ ಅದು ಯಾವುದು ಮಾತೃಕೆ, ಯಾವುದು ಪ್ರತಿ ಎಂಬುದನ್ನು ಹೇಳಲಾರದು; ಆ ಕಾರಣದಿಂದ ಮೇಷ್ಟರ ಮುಂದೆ ಇಬ್ಬರೂ ಕರ್ತೃತ್ವವನ್ನು ಸಮಾನಾವೇಶದಿಂದ ಸ್ಥಾಪಿಸಿಕೊಳ್ಳುತ್ತಾರೆ. ದಂಡನೆಯ ಸುಳಿವು ಹತ್ತಿದೊಡನೆ ಅಷ್ಟೇ ಆವೇಶದಿಂದ ಬಿಟ್ಟುಕೊಡುತ್ತಾರೆ.

ಪರೀಕ್ಷೆಯ ದಿನ ಲಿಖಿತ ಪರಂಪರೆಯು ಹಠಾತ್ತನೆ ಮೌಖಿಕ ಪರಂಪರೆಯಾಗುತ್ತದೆ. ಚೀಟಿಯೆತ್ತಿ ಬಂದ ಪ್ರೋಗ್ರಾಮನ್ನು ಒಮ್ಮೆ ಮಾತ್ರ ಬದಲಾಯಿಸಿಕೊಳ್ಳಬಹುದು, ಬದಲಾಯಿಸಿದರೆ ಬರವಣಿಗೆಯ ಅಂಕಗಳು ಸೊನ್ನೆ, ಎಂಬ ನಿಯಮವಿರುವುದರಿಂದ ಇಡೀ ಸಂಹಿತೆಯನ್ನು ಕಂಠಸ್ಥ ಮಾಡಿಕೊಂಡೇ ಬರುವರು. ವೈವಾ ಎಂಬ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರಾದ ಎಕ್ಸ್‌ಟರ್ನಲ್ಲು ಒಂದು ಸಾಲಿನ ಮೇಲೆ ಬೆರಳಿಟ್ಟು, “ಇದು ಯಾಕಪ್ಪಾ?” ಎಂದರೆ, “ತೆಗೆದ್ರೆ ರನ್ ಆಗಲ್ಲ ಸರ್” ಎಂಬ ಉತ್ತರ ಬರುವುದುಂಟು. ವಿಧಿವಾಕ್ಯಕ್ಕೆ ಹೇತುವನ್ನು ಕೇಳಬಾರದೆಂದ ಮೀಮಾಂಸಕರು ಇದಕ್ಕಿಂತ ಹೆಚ್ಚೇನನ್ನೂ ಹೇಳಲಿಲ್ಲ. ಎಕ್ಸ್‌ಟರ್ನಲ್ಲು ಮೀಮಾಂಸೆಯನ್ನು ಓದಿಕೊಂಡವರಲ್ಲವಾದುದರಿಂದ ಅಂಕ ಕೊಡುವುದಿಲ್ಲ.

ಇಷ್ಟರವರೆಗೆ ನಿರ್ವಿಘ್ನವಾಗಿ ಸಾಗಿದ ನಮ್ಮ ಶಾಸ್ತ್ರಕ್ಕೆ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಅವತರಿಸಿದ ಮೇಲೆ ಮಹಾಸಂಕಟವೊದಗಿದೆ. ಕರ್ತೃವಿಲ್ಲದ, ಕೇಳಿದ ಪ್ರತಿಯೊಬ್ಬನಿಗೂ ತುಸು ತುಸು ಬೇರೆಯಾಗಿ ಶ್ರುತವಾಗುವ ಪಾಠವಿದು; ಅಪಪಾಠಗಳು ವಿರಳ, ಕಾಗುಣಿತ ನಿರ್ದುಷ್ಟ, ಸಾಲು ಸಾಲಿಗೂ ವ್ಯಾಖ್ಯಾನ. ಮೊನ್ನೆಯವರೆಗೆ ಸೆಮಿಕೋಲನ್ನಿಗಾಗಿ ಗಂಟೆಗಟ್ಟಲೆ ತಡಕುತ್ತಿದ್ದವನು ಇಂದು ದೋಷನಿರ್ವಹಣೆಯ ಸಮಸ್ತಾಂಗಗಳೊಡನೆ ಬಬಲ್ ಸಾರ್ಟನ್ನು ಒಪ್ಪಿಸುತ್ತಾನೆ. ದೋಷಗಳೇ ಇಲ್ಲದಿದ್ದ ಮೇಲೆ ವಂಶವೃಕ್ಷವನ್ನು ಬರೆಯುವುದೆಂತು? ವೇದವನ್ನು ಅಪೌರುಷೇಯವೆಂದವರು ಅದನ್ನು ಪರಿಷ್ಕರಿಸುವ ಹೊಣೆಯನ್ನಂತೂ ನಮ್ಮ ತಲೆಗೆ ಕಟ್ಟಿರಲಿಲ್ಲ. ಅದೃಷ್ಟವಶಾತ್ ಲಿಪಿಕಾರಧರ್ಮವು ಇನ್ನೂ ಪೂರ್ಣವಾಗಿ ಅಳಿದಿಲ್ಲವಾಗಿ, ಕೆಲವು ಪ್ರತಿಗಳ ಮೊದಲ ಸಾಲಿನಲ್ಲಿ, ಹೆಡರುಗಳಿಗಿಂತಲೂ ಮೇಲೆ, “ಖಂಡಿತವಾಗಿ, ನೀವು ಕೇಳಿದ ಪ್ರೋಗ್ರಾಮ್ ಇಲ್ಲಿದೆ” ಎಂಬರ್ಥದ ಇಂಗ್ಲಿಷ್ ವಾಕ್ಯವೂ ಒಂದಕ್ಷರ ತಪ್ಪದೆ ಬಂದಿರುವುದು ಕಾಣಸಿಗುತ್ತದೆ. ಇದು ಪ್ರಕ್ಷಿಪ್ತವೆಂದು ನನ್ನ ಸಹೋದ್ಯೋಗಿಗಳ ವಾದ. ನಾನಾದರೋ ಇದನ್ನು ಮಂಗಳಾಚರಣೆಯೆಂದು ಪರಿಗಣಿಸಿ ಮೂಲಪಾಠದಲ್ಲಿಯೇ ಉಳಿಸಿಕೊಳ್ಳತಕ್ಕದ್ದೆಂದು ಅಭಿಪ್ರಾಯಪಡುತ್ತೇನೆ. ಕಂಪೈಲರ್ ಮಾತ್ರ ಒಪ್ಪುತ್ತಿಲ್ಲ.