ಮೂರನೇ ಮಹಡಿಯ ಸಮಾನತೆ

ನ್ಯಾಯ ಎಲ್ಲರ ಕೈಗೆಟುಕಬೇಕು ಎಂಬುದರಲ್ಲಿ ತಕರಾರಿಲ್ಲ; ಕಾಲಿಗೂ ಎಟುಕಬೇಕೇ ಎಂಬುದಷ್ಟೇ ವ್ಯಾಜ್ಯ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು. ಕೋರ್ಟುಗಳಲ್ಲಿ ಗಂಡಸರು, ಹೆಂಗಸರು, ಅಂಗವಿಕಲರು, ತೃತೀಯ ಲಿಂಗಿಗಳಿಗೆ ಪ್ರತ್ಯೇಕ ಶೌಚಾಲಯವಿರಲಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಜನವರಿಯಲ್ಲಿ. ಇಷ್ಟಾದರೂ ಏನೂ ಆಗಿಲ್ಲ ಎಂದು ಆಕ್ಷೇಪಿಸುವವರು ಶಿರಸ್ತೇದಾರರನ್ನು ಕೇಳಬೇಕು.

“ಸ್ವಾಮೀ, ಗಾಲಿಕುರ್ಚಿಗೆ ದಾರಿ ಎಲ್ಲೈತೆ?”

“ಅದಕ್ಕೇ ಸಮಿತಿ ಇದೆಯಲ್ಲಮ್ಮ, ಮೂರನೇ ಮಹಡೀಲಿ.”

“ಲಿಫ್ಟು?”

“ಸಮಿತಿ ಮುಂದಿದೆ.”

“ಹೊಸ ಶೌಚಾಲಯಕ್ಕೆ ಬೀಗ ಹಾಕೀರಿ?”

“ಉದ್ಘಾಟನೆ ಆಗೋವರೆಗೂ ಯಾರಿಗೂ ಇಲ್ಲ. ನಮ್ಮಲ್ಲಿ ಭೇದಭಾವವೇ ಇಲ್ಲಮ್ಮ!”

“ಇಳಿಜಾರು ಕಟ್ಸೋಕೆ ದುಡ್ಡಿಲ್ವಾ?”

“ಇತ್ತು. ಅರಿವು ಶಿಬಿರದ ಫ್ಲೆಕ್ಸಿಗೆ ಹೋಯ್ತು.”

“ಅದ್ರಾಗೇನು ಬರ್ದೈತೆ?”

“‘ಸರ್ವರಿಗೂ ಸ್ವಾಗತ’. ಮೆಟ್ಟಿಲಿಗೆ ಅಡ್ಡ ಕಟ್ಟಿದೀವಿ, ಬಗ್ಗಿ ಬಾಮ್ಮ.”