ಭಾನುವಾರದ ಭಾವ

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರಲ್ಲಿ, ಬಂದ ನೆಂಟರಿಗೆ ಬಕಿಂಗ್‌ಹ್ಯಾಂ ಅರಮನೆ ತೋರಿಸಿ ಕೈತೊಳೆದುಕೊಳ್ಳುವವರದು ಒಂದು ಪಂಗಡ. ಸ್ಟೋನ್‌ಹೆಂಜ್ ತನಕ ಕಾರು ಓಡಿಸಿ, ಬೇಲಿಯಾಚೆಯಿಂದಲೇ ಕಲ್ಲು ತೋರಿಸಿ, ಟಿಕೆಟ್ಟಿನ ದುಡ್ಡು ಉಳಿಯಿತೆಂದು ಬೀಗುವವರದು ಇನ್ನೊಂದು. ಇವರಿಂದ ಯಾರಿಗೂ ಅಪಾಯವಿಲ್ಲ. ಹೆದರಬೇಕಾದದ್ದು ಮೂರನೆಯ ಪಂಗಡಕ್ಕೆ. "ಅದೆಲ್ಲ ಟೂರಿಸ್ಟುಗಳಿಗೆ ಬಿಡಿ, ನಿಮಗೆ ನಿಜವಾದ ಇಂಗ್ಲೆಂಡ್ ತೋರಿಸ್ತೀನಿ" ಎಂದು ಭಾನುವಾರ ಮಧ್ಯಾಹ್ನ ಹೊಟ್ಟೆ ಹಸಿದವರನ್ನು ಕಾರಿಗೆ ತುಂಬಿಕೊಂಡು ಹಳ್ಳಿಯ ಪಬ್ಬಿಗೆ ಊಟಕ್ಕೆ ಹೊರಡುವವರು ಇವರು.

ಇವರನ್ನು ಗುರುತಿಸುವುದು ಸುಲಭ. ಮೈಮೇಲೆ ಮೇಣ ಹಚ್ಚಿದ ಹಸಿರು ಜಾಕೆಟ್ಟು, ಕಾಲಲ್ಲಿ ಕೆಸರು ಕಾಣದ ಬೂಟು. ಮನೆಯ ಫ್ರೀಜರಿನಲ್ಲಿ ಹಿತಕಿದವರೆ ಇರುತ್ತದೆ, ಆದರೆ ಬಾಯಿ ತೆರೆದರೆ ಏಲ್ ಎಂಬ ಬಿಯರಿನ ಪುರಾಣ. ಏಲನ್ನು ಹನ್ನೆರಡು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಕೊಡಬೇಕು. ಅದನ್ನು ಬಿಸಿ ಬಿಯರ್ ಅನ್ನುವವನು ಮೂರ್ಖ. ಪೈಂಟ್ ಎಂದರೆ 568 ಮಿಲಿಲೀಟರ್, ಒಂದು ತೊಟ್ಟು ಕಡಿಮೆಯಾದರೂ ಕೇಳಿ ತುಂಬಿಸಿಕೊಳ್ಳಬಹುದು. ಒಳ್ಳೆಯ ಏಲ್ ಉಳಿಸಲು 1971ರಲ್ಲಿ ಕ್ಯಾಮ್ರಾ ಎಂಬ ಸಂಘ ಹುಟ್ಟಿದ್ದು, ಅದಿಲ್ಲದಿದ್ದರೆ ದೇಶ ಏನಾಗುತ್ತಿತ್ತು ಎಂಬುದು. ಇಷ್ಟನ್ನೂ ಹೇಳುವವರು ಸ್ವತಃ ಕುಡಿಯುವುದು ಅರ್ಧ ಪೈಂಟ್. ವಾಪಸ್ ಕಾರು ಓಡಿಸಬೇಕಲ್ಲ! ಆ ಅರ್ಧವನ್ನು ಎರಡು ಗಂಟೆ ಎಳೆಯುತ್ತಾರೆ.

ನನ್ನ ಪಾಲಿಗೆ ಬಂದವರು ಅಕ್ಕನ ಗಂಡ, ರೆಡಿಂಗ್ ಊರಿನವರು. ನಾನು ಲಂಡನ್ನಿನಲ್ಲಿ ಕೆಲಸಕ್ಕಿದ್ದ ಕಾಲದ ಭಾನುವಾರಗಳೆಲ್ಲ ಅವರಿಗೆ ಅರ್ಪಣೆಯಾದವು. ಅವರ ಮನೆಯಿಂದ ಅರ್ಧ ಗಂಟೆ ಹೋದರೆ ಚಿಲ್ಟರ್ನ್ ಗುಡ್ಡಗಳು ಸಿಗುತ್ತವೆ. ಗುಡ್ಡಕ್ಕೊಂದು ಹಳ್ಳಿ, ಹಳ್ಳಿಗೊಂದು ಪಬ್ಬು. ರೆಡ್ ಲಯನ್, ರಾಯಲ್ ಓಕ್, ವೈಟ್ ಹಾರ್ಟ್, ಫಾಕ್ಸ್ ಅಂಡ್ ಹೌಂಡ್ಸ್. ಬೋರ್ಡು ಕಂಡಲ್ಲೆಲ್ಲ ಭಾವ ಕಾರು ನಿಧಾನಿಸುತ್ತಾರೆ. 1651ರಲ್ಲಿ ವೂಸ್ಟರ್ ಯುದ್ಧದಲ್ಲಿ ಸೋತ ಎರಡನೇ ಚಾರ್ಲ್ಸ್ ಓಕ್ ಮರದಲ್ಲಿ ಅಡಗಿ ಕುಳಿತ ಕಥೆ ನನಗೆ ಬಾಯಿಪಾಠ. ರಾಜನಾದರೂ ಆ ಮರದ ಮೇಲೆ ಏನಾದರೂ ತಿಂದನೋ ಇಲ್ಲವೋ ಎಂಬುದಷ್ಟೇ ನನ್ನ ಆಗಿನ ಕುತೂಹಲ.

ಊಟದ ವಿಷಯದಲ್ಲಿ ಈ ಪಬ್ಬುಗಳು ಒಂದಕ್ಕೊಂದು ಸಂಬಂಧವಿಲ್ಲದ ಲೋಕಗಳು. ನವೆಂಬರಿನ ಮಳೆಯಲ್ಲಿ ಹೊಕ್ಕ ಒಂದರಲ್ಲಿ ಒಲೆಯ ಬೆಂಕಿ, ಹೊಗೆಯಾಡುವ ಲೀಕ್ ಆಲೂಗಡ್ಡೆ ಸೂಪು, ಮೇಲೆ ಕಸ್ಟರ್ಡ್ ಹುಯ್ದ ಸೇಬಿನ ಕ್ರಂಬಲ್. ಅಡುಗೆಯವನೇ ಹೊರಬಂದು ಉಪ್ಪು ಸರಿಯಾಯಿತೇ ಎಂದು ವಿಚಾರಿಸಿ ಹೋದ. ಮುಂದಿನ ಭಾನುವಾರ, ಎರಡೇ ಮೈಲಿ ಆಚೆ, ಬೆಲೆ ಅದೇ. ತಟ್ಟೆಯಲ್ಲಿ ಬೇಯಿಸಿ ಸೋಲಿಸಿದ ಕ್ಯಾರೆಟ್ಟು, ಒದ್ದೆ ಮರಳಿನಂಥ ನಟ್ ರೋಸ್ಟು, ಜೊತೆಗೆ 'ಗ್ರೇವಿ ಮಾಂಸದ್ದು, ಬೇಡ ಅಲ್ಲವೇ?' ಎಂಬ ಕಾಳಜಿ. ಸಸ್ಯಾಹಾರಿಗೆ ಬೇರೆ ಗ್ರೇವಿ ಇಡುವ ಕಡೆಯೂ ಇದ್ದವು. ಅಲ್ಲಿ ರೋಸ್ಟ್ ಆಲೂಗಡ್ಡೆ ಬಾತಿನ ಕೊಬ್ಬಿನಲ್ಲಿ ಬೆಂದಿರುತ್ತಿತ್ತು.

ಇದೆಲ್ಲ ಸಹಿಸಬಹುದು. ನನ್ನ ರಕ್ತ ಕುದಿಯುತ್ತಿದ್ದುದು ಭಾವನ 'ಲವ್ಲಿ'ಗೆ.

ಬಡಿಸುವ ಹುಡುಗಿ ಹತ್ತಿರ ಬರುವ ತನಕ ಅವರದು ಕನ್ನಡದಲ್ಲಿ ನಿರಂತರ ಗೊಣಗಾಟ. "ಇದೇನು ಸೂಪಾ, ಮುಸುರೆ ನೀರಾ? ಹದಿನೆಂಟು ಪೌಂಡಿಗೆ ಇದಾ?" ಹುಡುಗಿ ಬಂದು "ಎಲ್ಲ ಸರಿಯಿದೆಯಾ?" ಎಂದರೆ ಮುಖ ಅರಳಿ, "ಲವ್ಲಿ! ಅಬ್ಸಲ್ಯೂಟ್ಲಿ ಲವ್ಲಿ, ಥ್ಯಾಂಕ್ಯೂ!" ಅವಳು ಬೆನ್ನು ತಿರುಗಿಸಿದ ಕೂಡಲೇ ಕನ್ನಡ ಮುಂದುವರಿಯುತ್ತದೆ. ಮನೆ ಸೇರುವ ತನಕ ಕಾರಿನಲ್ಲಿ ಬರೀ ಶಾಪ. "ರೀ, ಅಲ್ಲೇ ಹೇಳಬಾರದಿತ್ತಾ?" ಎಂದು ಅಕ್ಕ ಕೇಳಿದರೆ, "ಪಾಪ, ಆ ಹುಡುಗಿಗೆ ಬೇಜಾರಾಗಲ್ವೇನೆ?" ಮರುದಿನ ಗೆಳೆಯರಿಗೆ ಫೋನ್: "ಹೋಗಿ ಬನ್ನಿ, ಸೂಪರ್ ಪಬ್ಬು." ಇದೇ ಮನುಷ್ಯ ಬೆಂಗಳೂರಿಗೆ ಬಂದಾಗ ಕಾಫಿ ತಣ್ಣಗಿದೆಯೆಂದು ಲೋಟ ವಾಪಸ್ ಕಳಿಸಿ, ಎರಡನೆಯದೂ ಸರಿಯಿಲ್ಲವೆಂದು ಮ್ಯಾನೇಜರನ್ನು ಕರೆಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಯೋಗ್ಯತೆಯೂ ಅಷ್ಟೇ ಅನ್ನಿ. ಬಾಯ್ತುಂಬ ಸಪ್ಪೆ ಬಟಾಣಿ ಇಟ್ಟುಕೊಂಡು, ಭಾವನಿಗಿಂತ ಅರ್ಧ ಕ್ಷಣ ಮೊದಲೇ ನಾನು 'ಲವ್ಲಿ' ಅಂದ ಸಂದರ್ಭಗಳೂ ಇವೆ.

ಅಮ್ಮ ಊರಿನಿಂದ ಬಂದಿದ್ದ ಬೇಸಿಗೆಯ ಕಥೆಯನ್ನಂತೂ ಹೇಳದೆ ಬಿಡಲಾರೆ.

ಮೊದಲೇ ಫೋನ್ ಮಾಡಿ ಟೇಬಲ್ ಹಿಡಿಯಿರಿ ಎಂದು ಅಕ್ಕ ಮೂರು ದಿನದಿಂದ ಹೇಳುತ್ತಿದ್ದಳು. "ಹಳ್ಳಿ ಪಬ್ಬಿಗೆ ಬುಕಿಂಗ್ ಮಾಡೋದು ಅವಮಾನ ಕಣೇ" ಎಂದರು ಭಾವ. ದಾರಿ ಗೊತ್ತೆಂದು ನ್ಯಾವಿಗೇಷನ್ ಆರಿಸಿದರು. ಎರಡೂ ಕಡೆ ಆಳೆತ್ತರದ ಬೇಲಿ, ನಡುವೆ ಒಂದೇ ಕಾರಿಗೆ ಜಾಗವಿರುವ ಓಣಿ, ಎದುರಿಗೆ ಟ್ರ್ಯಾಕ್ಟರು. ಫರ್ಲಾಂಗುಗಟ್ಟಲೆ ಹಿಮ್ಮುಖವಾಗಿ ಹೋಗಿ, ಟ್ರ್ಯಾಕ್ಟರಿನವನಿಗೆ ಕೈ ಎತ್ತಿ 'ಲವ್ಲಿ' ಅಂದು, ಪಬ್ಬು ಮುಟ್ಟುವಾಗ ಎರಡು ಗಂಟೆ ದಾಟಿತ್ತು. ಎರಡೂವರೆ ತನಕ ಮಾತ್ರ ಊಟದ ಆರ್ಡರ್ ಎಂದು ಬಾಗಿಲಲ್ಲೇ ಸೀಮೆಸುಣ್ಣದಲ್ಲಿ ಬರೆದಿದ್ದರು.

ಟೇಬಲ್ಲಿಗೆ ಬಂದು ಏನು ಬೇಕೆಂದು ಕೇಳುವ ಪದ್ಧತಿ ಇಂಥ ಕಡೆ ಇಲ್ಲ. ನಾವೇ ಹೋಗಿ, ಬಾರ್ ಕಟ್ಟೆಯ ಮುಂದೆ ನಿಂತು, ಟೇಬಲ್ ನಂಬರ್ ಹೇಳಿ, ದುಡ್ಡು ಕೊಟ್ಟು ಬರಬೇಕು. ಎಲ್ಲದಕ್ಕೂ ಸಾಲು ನಿಲ್ಲುವ ಇಂಗ್ಲಿಷರು ಬಾರ್ ಕಟ್ಟೆಯ ಮುಂದೆ ಮಾತ್ರ ಸಾಲು ಕಟ್ಟುವುದಿಲ್ಲ. ಆದರೂ ಮುಂದಿನ ಸರದಿ ಯಾರದೆಂದು ಒಳಗಿರುವ ಹುಡುಗಿಗೂ ಗೊತ್ತು, ಹೊರಗೆ ನಿಂತವರಿಗೂ ಗೊತ್ತು. ಗೊತ್ತಿಲ್ಲದವರು ಭಾವ ಒಬ್ಬರೇ. ಗೊತ್ತಿಲ್ಲ ಎನ್ನುವುದನ್ನು ಮುಚ್ಚಲು ಅವರು ಸೌಜನ್ಯದ ಮೊರೆ ಹೋಗುತ್ತಾರೆ.

ಹುಡುಗಿ ಮೊದಲು ನೋಡಿದ್ದು ಅವರನ್ನೇ. ಅವರು ಪಕ್ಕದಲ್ಲಿದ್ದ ಲ್ಯಾಬ್ರಡಾರ್ ನಾಯಿಯ ಯಜಮಾನನಿಗೆ ಕೈ ತೋರಿಸಿ "ಆಫ್ಟರ್ ಯೂ" ಎಂದರು. ಅವನಿಗೆ ಒಂದು ಪೈಂಟು, ನಾಯಿಗೆ ಕಟ್ಟೆಯ ಮೇಲಿನ ಜಾಡಿಯಿಂದ ಬಿಸ್ಕತ್ತು. ಅಮ್ಮ ನಾಯಿಯನ್ನೇ ನೋಡುತ್ತಿದ್ದಳು. ಬಳಿಕ ಮಗುವಿನ ಗಾಡಿ ತಳ್ಳಿಕೊಂಡು ಬಂದ ದಂಪತಿಗಳು: ಆಫ್ಟರ್ ಯೂ. ಅವರು ಮಗುವಿಗೆ ಏನು ಆಗದು, ಏನು ಆಗುತ್ತದೆ ಎಂದು ಮೆನು ಪೂರ್ತಿ ಚರ್ಚಿಸಿದರು. ಆಮೇಲೆ ಗುಡ್ಡ ಹತ್ತಿಳಿದು ಬಂದ ಚಾರಣಿಗರ ದಂಡು. "ಅವರು ನಡೆದು ದಣಿದಿದ್ದಾರೆ, ಪಾಪ" ಎಂದು ನಮ್ಮ ಕಡೆ ತಿರುಗಿ ವಿವರಿಸಿದರು ಭಾವ. ನಾನು ಗಡಿಯಾರ ತೋರಿಸಿದೆ. ಅವರು ಹೆಬ್ಬೆರಳು ಎತ್ತಿದರು. ಕೊನೆಯ ರೋಸ್ಟುಗಳು ಆ ಚಾರಣಿಗರ ಪಾಲಾದವು. ಹುಡುಗಿ ನಮ್ಮ ಕಡೆ ತಿರುಗಿ, "ಅಯ್ಯೋ, ಅಡುಗೆಮನೆ ಈಗ ತಾನೇ ಮುಚ್ಚಿತಲ್ಲ" ಎಂದಳು.

"ಓ, ಲವ್ಲಿ!" ಎಂದರು ಭಾವ.

ಲಾನಿನ ಬೆಂಚಿಗೆ ಬಂದು ಕುಳಿತೆವು. ಭಾವ ನಮ್ಮನ್ನು ಇತಿಹಾಸದಿಂದ ಸಮಾಧಾನಪಡಿಸಲು ಹೊರಟರು. ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿನ ಕಾರ್ಖಾನೆಯವರು ಕುಡಿದು ಕೆಲಸ ಕೆಡಿಸಬಾರದೆಂದು ಸರ್ಕಾರ ಪಬ್ಬುಗಳನ್ನು ಮಧ್ಯಾಹ್ನ ಮುಚ್ಚಿಸಿತಂತೆ. ಆ ಕಟ್ಟು ವಾರದ ದಿನಗಳಿಗೆ ಸಡಿಲವಾದದ್ದು 1988ರಲ್ಲಿ, ಭಾನುವಾರಕ್ಕೆ 1995ರಲ್ಲಿ. "ಅಭ್ಯಾಸ ಅಷ್ಟು ಬೇಗ ಹೋಗಲ್ಲ ಅತ್ತೆ."

"ಯುದ್ಧ ಮುಗೀತಲ್ಲಾ?" ಎಂದು ಕೇಳಿದಳು ಅಮ್ಮ.

ಅಷ್ಟರಲ್ಲಿ ತಲೆಯ ಮೇಲೆ ಕವಲು ಬಾಲದ ಕೆಂಪು ಹದ್ದೊಂದು ತೇಲಿ ಬಂತು. ಅಮ್ಮ ಥಟ್ಟನೆ ಎದ್ದು ಕೈ ಮುಗಿದು ಗಲ್ಲ ಬಡಿದುಕೊಂಡಳು. ಇಲ್ಲಿ ನಿರ್ನಾಮವಾಗಿದ್ದ ಈ ಹಕ್ಕಿಗಳನ್ನು ಸ್ಪೇನಿನಿಂದ ತಂದು 1989ರ ನಂತರ ಈ ಗುಡ್ಡಗಳಲ್ಲಿ ಬಿಟ್ಟದ್ದೆಂದು ಭಾವ ತಿದ್ದಿದರು. "ಗರುಡ ಎಲ್ಲಿಂದ ಬಂದರೇನು, ಅಳಿಯಂದಿರೇ" ಎಂದಳು. ಪಕ್ಕದ ಬೆಂಚಿನಲ್ಲಿ ನಮ್ಮ ಪಾಲಿನ ರೋಸ್ಟ್ ತಿನ್ನುತ್ತಿದ್ದ ಚಾರಣಿಗರು ಫೋರ್ಕು ಕೆಳಗಿಟ್ಟು ಆಕಾಶ ನೋಡಿದರು.

ರೇಷ್ಮೆ ಸೀರೆಯುಟ್ಟ ವಯಸ್ಸಾದ ಹೆಂಗಸು ಹಸಿದು ಕುಳಿತದ್ದನ್ನು ಆ ಹುಡುಗಿ ಕಿಟಕಿಯಿಂದ ಕಂಡಿರಬೇಕು. ಒಳಗೆ ಯಾರ ಕಾಲು ಹಿಡಿದಳೋ, ಸ್ವಲ್ಪ ಹೊತ್ತಿನಲ್ಲಿ ಬಿಸಿ ಚಿಪ್ಸ್ ಬಂತು, ಪುಟಾಣಿ ತಗಡಿನ ಬಕೆಟ್ಟಿನಲ್ಲಿ. "ಇದು ಕೈ ತೊಳೆಯೋಕಾ?" ಎಂದು ಅಮ್ಮ ನನ್ನನ್ನು ಕೇಳಿದಳು. ಜೊತೆಗೆ ಎಚ್‌ಪಿ ಸಾಸಿನ ಬಾಟಲಿ. ಅಮ್ಮ ಬೆರಳ ತುದಿಗೆ ಹಚ್ಚಿ ನಾಲಿಗೆಗೆ ತಾಗಿಸಿ, ಕಣ್ಣು ಸಣ್ಣದು ಮಾಡಿ, "ಇದರಲ್ಲಿ ಹುಣಸೆಹಣ್ಣು ಇದೆ ಕಣೋ" ಎಂದಳು. ಇಪ್ಪತ್ತು ವರ್ಷದಿಂದ ಆ ಸಾಸ್ ತಿಂದ ಭಾವ ನಕ್ಕರು. ಹುಡುಗಿ ಬಾಟಲಿ ತಿರುಗಿಸಿ ಓದಿದಳು: ಖರ್ಜೂರ, ಹುಣಸೆಹಣ್ಣು, ಎಲ್ಲ ಇತ್ತು. ಅಮ್ಮ ಗೆಲುವಿನಿಂದ ಚೀಲ ತೆರೆದು ಚಟ್ನಿಪುಡಿಯ ಡಬ್ಬಿ ತೆಗೆದು ಚಿಪ್ಸಿನ ಮೇಲೆ ಉದುರಿಸಿದಳು. ಒಂದು ಚಿಟಿಕೆ ಹುಡುಗಿಯ ಅಂಗೈಗೂ ಬಿತ್ತು. ಹುಡುಗಿ ಕೆಮ್ಮಿದಳು, ನೀರು ಕುಡಿದಳು, ಮತ್ತೆ ಕೈ ಚಾಚಿದಳು. ಭಾವ ಮಾತ್ರ ಹೊರಗಿನ ತಿಂಡಿ ತಿನ್ನುತ್ತಿರುವುದನ್ನು ಯಾರಾದರೂ ನೋಡಿಯಾರೆಂದು ಜಾಕೆಟ್ಟಿನ ಕಾಲರೊಳಗೆ ಅಡಗಿಕೊಂಡಿದ್ದರು.

ಭಾವನ ಪುಸ್ತಕದ ಕಪಾಟಿನಲ್ಲಿ ಜಾರ್ಜ್ ಆರ್ವೆಲ್‌ನ ಪ್ರಬಂಧಗಳಿವೆ. 1946ರ ಫೆಬ್ರವರಿಯಲ್ಲಿ ಪತ್ರಿಕೆಯೊಂದಕ್ಕೆ ಅವನು ತನ್ನ ಮೆಚ್ಚಿನ ಪಬ್ಬಿನ ಬಗ್ಗೆ ಬರೆದ. ಹೆಸರು 'ಮೂನ್ ಅಂಡರ್ ವಾಟರ್'. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದವನಾದ್ದರಿಂದ ಭಾವನ ಪ್ರಕಾರ ಅವನು ನಮ್ಮವನೇ. ಆ ಪಬ್ಬಿನಲ್ಲಿ ರಾತ್ರಿಯೂಟ ಸಿಗುವುದಿಲ್ಲ, ಮಹಡಿಯ ಮೇಲೆ ಮಧ್ಯಾಹ್ನದೂಟ ವಾರಕ್ಕೆ ಆರು ದಿನ ಮಾತ್ರ. ಏಳನೆಯ ದಿನ ಭಾನುವಾರವೇ ಇದ್ದೀತೆಂದು ನನ್ನ ಗುಮಾನಿ. ಓದುತ್ತ ಹೋದರೆ ಕೊನೆಗೆ ಅವನೇ ಹೇಳಿಬಿಡುತ್ತಾನೆ, ಅಂಥ ಪಬ್ಬು ಎಲ್ಲೂ ಇಲ್ಲವೆಂದು. ಇದನ್ನು ತೋರಿಸಿದರೆ ಭಾವನಿಗೆ ಏನೂ ಅನ್ನಿಸಲಿಲ್ಲ. ಶತಮಾನಗಳಿಂದ ರೈತರು ಹೊಲದಲ್ಲಿ ತಿಂದ ಊಟವೆಂದು ಅವರು ಕೊಂಡಾಡುತ್ತಿದ್ದ ಬ್ರೆಡ್ಡು, ಚೀಸು, ಉಪ್ಪಿನಕಾಯಿಯ 'ಪ್ಲೌಮನ್ಸ್ ಲಂಚ್' ಎಂಬ ಹೆಸರನ್ನು ಪಬ್ಬುಗಳಲ್ಲಿ ಹಬ್ಬಿಸಿದ್ದು 1950–60ರ ದಶಕಗಳಲ್ಲಿ ಚೀಸ್ ಮಾರುವವರು ಎಂದಾಗಲೂ ಅಷ್ಟೇ. "ಅದಕ್ಕೇನೀಗ? ಚೆನ್ನಾಗಿದೆಯಲ್ಲ."

ಆರ್ವೆಲ್‌ನ ಆ ಪುಟದಲ್ಲಿ ಭಾವ ಪೆನ್ಸಿಲ್ ಗೆರೆ ಎಳೆದಿರುವುದು ಒಂದೇ ಕಡೆ. ಅಲ್ಲಿನ ಬಾರ್ ಹೆಂಗಸರಿಗೆ ಗಿರಾಕಿಗಳ ಹೆಸರು ಗೊತ್ತು ಎನ್ನುವಲ್ಲಿ.

ಆ ಗೆರೆ ಕಂಡ ಮೇಲೆ ಅವರನ್ನು ಬೈಯುವುದು ನನಗೆ ಸ್ವಲ್ಪ ಕಷ್ಟವಾಗಿದೆ. ಹಾಸನದ ಯಾವುದೋ ಹೋಟೆಲಿನಲ್ಲಿ ಅವರಪ್ಪ ಕುರ್ಚಿ ಎಳೆದ ಸದ್ದಿಗೇ ಖಾಲಿ ದೋಸೆ ಹಾಕುತ್ತಿದ್ದರಂತೆ. ಭಾವನಿಗೆ ಬೇಕಾದದ್ದು ರೋಸ್ಟೂ ಅಲ್ಲ, ಏಲೂ ಅಲ್ಲ. ಕಟ್ಟೆಯ ಮುಂದೆ ನಿಂತರೆ ಆಚೆಯವರು "ಎಂದಿನದೇ ತಾನೇ?" ಅನ್ನಬೇಕು, ಅಷ್ಟೇ. ಮೂಲೆಯ ಸ್ಟೂಲಿನ ಖಾಯಂ ಮುದುಕ "ಮಳೆ ಬರೋ ಹಾಗಿದೆ" ಎಂದರೆ ಅದನ್ನು ತಂದು ನಮಗೆ ಸುದ್ದಿಯ ಹಾಗೆ ಹೇಳುತ್ತಾರೆ. ಬೆಂಗಳೂರಿನಲ್ಲಿ ಕಾಫಿ ವಾಪಸ್ ಕಳಿಸುವುದು ಸಲಿಗೆಯಿಂದ. ಇಂಗ್ಲೆಂಡಿನಲ್ಲಿ ಆ ಸಲಿಗೆ ಇನ್ನೂ ಹುಟ್ಟಿಲ್ಲ, ಅದಕ್ಕೇ ಎಲ್ಲವೂ ಲವ್ಲಿ. ಸಲಿಗೆ ಹುಟ್ಟಿದ ಕಡೆಗಳೂ ಅಲ್ಲಿವೆ. 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಂ ಪಕ್ಕದ ಸ್ಮೆದಿಕ್‌ನಲ್ಲಿ ಬಣ್ಣ ನೋಡಿ ಗಿರಾಕಿಗಳನ್ನು ಹೊರಗಿಡುವ ಪಬ್ಬುಗಳಿದ್ದವು. 1965ರಲ್ಲಿ ಅಮೆರಿಕದ ಕಪ್ಪು ಜನರ ನಾಯಕ ಮಾಲ್ಕಂ ಎಕ್ಸ್ ಅಲ್ಲಿಗೆ ಬಂದು ಕಣ್ಣಾರೆ ನೋಡಿ ಹೋದ, ಅದೇ ವರ್ಷ ಅಂಥ ಭೇದದ ವಿರುದ್ಧ ಕಾನೂನು ಬಂತು. ಈಗ ಆ ಭಾಗದಲ್ಲಿ ಪಂಜಾಬಿಗಳೇ ನಡೆಸುವ ಪಬ್ಬುಗಳಿವೆ. ಕೊತ್ತಂಬರಿ ಹಾಕಿದ ಬಿಸಿ ಬಿಸಿ ಗ್ರಿಲ್ ತಿನ್ನಲು ಬಿಳಿಯರೂ ಬರುತ್ತಾರೆ. ಅಲ್ಲಿಗೇ ಹೋಗೋಣ ಭಾವ, ಪನೀರಾದರೂ ಸಿಗುತ್ತದೆ, ಜೋರಾಗಿ ಜಗಳವನ್ನೂ ಆಡಬಹುದು ಎಂದು ನಾನು ಎಷ್ಟು ಗೋಗರೆದರೂ ಕೇಳಲಿಲ್ಲ. "ಅದು ಪಬ್ಬಲ್ಲ ಕಣೋ" ಎಂದು ಮುಖ ಸಿಂಡರಿಸುತ್ತಾರೆ. ನೋಡಿ, ಕರುಣೆ ಹುಟ್ಟುವಷ್ಟರಲ್ಲಿ ಹೀಗೆ ಕೆಡಿಸುತ್ತಾರೆ.

ಮೊನ್ನೆ ಅಕ್ಕನ ಫೋನ್ ಬಂತು. ಚಿಪ್ಸ್ ಕೊಟ್ಟ ಪಬ್ಬಿಗೆ ಮತ್ತೆ ಹೋಗಿದ್ದರಂತೆ. ಈ ಸಲ ಬುಕ್ ಮಾಡಿಕೊಂಡು. ಕಟ್ಟೆಯ ಹಿಂದಿನ ಹುಡುಗಿ ಇವರನ್ನು ಕಂಡದ್ದೇ ಗುರುತು ಹಿಡಿದು ನಕ್ಕಳಂತೆ. ಭಾವ ಜಾಕೆಟ್ಟು ಸರಿಮಾಡಿಕೊಂಡು ಎದೆಯುಬ್ಬಿಸಿ ಮುಂದೆ ಹೋದರೆ, ಅವಳು ಅವರ ಹೆಗಲ ಮೇಲಿಂದ ಇಣುಕಿ, "ಆ ಪುಡಿ ಅಜ್ಜಿ ಬಂದಿಲ್ವಾ?" ಎಂದು ಕೇಳಿದಳಂತೆ. ಅಜ್ಜಿಯ ಆರೋಗ್ಯ, ಅಜ್ಜಿಯ ಊರು, ಪುಡಿಗೆ ಏನೇನು ಹಾಕುತ್ತಾರೆ, ಎಲ್ಲ ವಿಚಾರಿಸಿದ ಮೇಲೆ ಭಾವನಿಗೆ ಏನು ಬೇಕೆಂದು ಕೇಳಿದಳಂತೆ, ಟೇಬಲ್ ನಂಬರಿನ ಸಮೇತ.

ಅತ್ತೆ ಬಂದರೆ ಆರು ತಿಂಗಳು ಇರುತ್ತಾರಲ್ಲ ಎಂದು ಹಿಂದೆ ಲೆಕ್ಕ ಹಾಕುತ್ತಿದ್ದ ಅಳಿಯ ಈಗ ದಿನಕ್ಕೆರಡು ಸಲ ಫೋನ್ ಮಾಡಿ, ಅಮ್ಮನ ಪಾಸ್‌ಪೋರ್ಟಿನ ಅವಧಿ ಎಲ್ಲಿಯವರೆಗಿದೆ ಎಂದು ಕೇಳುತ್ತಿದ್ದಾರೆ. ವೀಸಾ ಅರ್ಜಿ ಅವರೇ ತುಂಬುತ್ತಿದ್ದಾರೆ. ಭೇಟಿಯ ಉದ್ದೇಶ ಎಂಬಲ್ಲಿ 'ಮಗಳನ್ನು ನೋಡುವುದು' ಎಂದು ಹಾಕಿದ್ದಾರಂತೆ. ಚಟ್ನಿಪುಡಿ ಒಂದು ಕೆಜಿಯಾದರೂ ಇರಲಿ ಎಂದು ನನಗೆ ಬೇರೆ ಮೆಸೇಜು ಬಂದಿದೆ.