ಟೆಸ್ಟರ್ ಮಾವ

ರಿಟೈರಾದ ಮೇಲೆ ಅಂಗಿ ಜೇಬಿನಲ್ಲಿ ಪೆನ್ನಿನ ಜಾಗಕ್ಕೆ ಟೆಸ್ಟರ್ ಬಂದು ಕೂರುವ ಗಂಡಸರು ಬೀದಿಗೊಬ್ಬರಾದರೂ ಇರುತ್ತಾರೆ. ನಮ್ಮ ಬೀದಿಯವರಿಗೆ ಮಕ್ಕಳು ಇಟ್ಟ ಹೆಸರು ಟೆಸ್ಟರ್ ಮಾವ. ಚಟ್ನಿ ಅರ್ಧಕ್ಕೆ ನಿಂತ ಸದ್ದು ಅವರಿಗೆ ಅದು ಹೇಗೆ ಕೇಳಿಸುತ್ತದೋ, ಕರೆಯುವ ಮೊದಲೇ ಗೇಟು ತೆಗೆದಿರುತ್ತಾರೆ.

ಕರೆಂಟಿನ ಹತ್ತಿರ ಹೋಗುವಾಗ ನಾವೆಲ್ಲ ರಬ್ಬರ್ ಚಪ್ಪಲಿ ಹುಡುಕಿದರೆ, ಅವರು ಹಾಕಿದ್ದನ್ನೂ ಬಿಡುತ್ತಾರೆ. "ಬರಿಗಾಲಲ್ಲಿ ನಿಂತ್ರೇ ಬಲ್ಬು ಚೆನ್ನಾಗಿ ಹತ್ತೋದು. ಈಗ ಕರೆಂಟು ನನ್ನ ಮೈಯೊಳಗಿಂದಲೇ ಹೋಗ್ತಿದೆ, ಗೊತ್ತಾ?" ಮನೆಯವರು ಬೆಚ್ಚಿಬಿದ್ದ ಮೇಲೆ, ಟೆಸ್ಟರಿನೊಳಗಿನ ರೆಸಿಸ್ಟರ್ ಮಿಲಿಆಂಪಿಯರಿನ ಕಾಲು ಭಾಗವನ್ನೂ ಬಿಡುವುದಿಲ್ಲವೆಂದು ಸಮಾಧಾನ ಹೇಳುತ್ತಾರೆ. ಮೊದಲು ಕರೆಂಟಿರುವ ಬೇರೆ ಪ್ಲಗ್ಗಿಗೆ ಚುಚ್ಚಿ ಟೆಸ್ಟರನ್ನೇ ಟೆಸ್ಟ್ ಮಾಡುವುದು ಅವರ ಪದ್ಧತಿ. "ಇದು ಸತ್ತಿರೋದು ಗೊತ್ತಾಗದಿದ್ರೆ ಆಮೇಲೆ ನಾವು ಸಾಯ್ತೀವಿ." ಈ ಮಾತನ್ನು ಐಟಿಐಗಳ ಗೋಡೆಯ ಮೇಲೆ ಬರೆಸಬಹುದು.

ಮಿಕ್ಸಿಯ ತಳದಲ್ಲಿರುವ ಕೆಂಪು ಗುಂಡಿ ಓವರ್‌ಲೋಡಿಗೆ ಹಾರಿದೆ, ಒತ್ತಿದರೆ ಮುಗಿಯಿತು ಎಂಬುದು ಅವರಿಗೂ ಗೊತ್ತು. ಆದರೆ ಕಾಫಿ ಬರುವ ತನಕ ಮಿಕ್ಸಿಯನ್ನು ಮಗುಚುವುದಿಲ್ಲ.

ಅವರ ಪರಮಶತ್ರು ನ್ಯೂಟ್ರಲ್. ಗೀಸರ್ ಕಾಯದಿದ್ದರೂ "ನ್ಯೂಟ್ರಲ್ ಹೋಗಿದೆ", ಫ್ಯಾನು ನಿಧಾನವಾದರೂ ಅದೇ. (ಫ್ಯಾನಿನದು ಹೆಚ್ಚಾಗಿ ಕೆಪಾಸಿಟರಿನ ತಪ್ಪು, ಅವರೆದುರು ಹೇಳುವವರಾರು?) ಹೀಗಿರುವಾಗ ಒಂದು ಸಂಜೆ ನಮ್ಮ ಮನೆಯಲ್ಲಿ ಎಲ್ಲವೂ ಆರಿಹೋಯಿತು. ಆದರೂ ಸಾಕೆಟ್ಟಿನ ಎರಡೂ ತೂತುಗಳಲ್ಲಿ ಟೆಸ್ಟರ್ ಹತ್ತಿತು, ಮಾವನ ಮುಖವೂ ಹತ್ತಿತು. ಮಗ ಕೊಡಿಸಿದ ಮಲ್ಟಿಮೀಟರು ಪ್ಲಾಸ್ಟಿಕ್ ಕವರಿನ ಸಮೇತ ಬಂತು. ಎರಡು ತೂತುಗಳ ನಡುವೆ 230 ವೋಲ್ಟ್ ಇರಬೇಕಾದಲ್ಲಿ ಸೊನ್ನೆ!

"ಎರಡೂ ಕಡೆ ಫೇಸೇ! ಬಂದ ಕರೆಂಟಿಗೆ ವಾಪಸ್ ಹೋಗೋಕೆ ದಾರಿಯಿಲ್ಲ, ಬಲ್ಬಿನೊಳಗಿಂದ ಹಾದು ನ್ಯೂಟ್ರಲ್ ತಂತೀಲಿ ನಿಂತಿದೆ. ಎಲ್ಲಾ ಸ್ವಿಚ್ಚೂ ಆರಿಸಿ." ಆರಿಸಿದೆವು. ಒಂದು ತೂತಿನಲ್ಲಿ ಟೆಸ್ಟರ್ ತಣ್ಣಗಾಯಿತು. "ನೋಡಿದ್ರಾ? ಇಷ್ಟು ವರ್ಷದಿಂದ ಬಡ್ಕೋತಿದ್ದೆ!"

ಲೈನ್‌ಮ್ಯಾನ್ ಬಂದು, ಮೀಟರ್ ಬೋರ್ಡಿನಲ್ಲಿ ಸಡಿಲವಾಗಿ ಕರಿಹಿಡಿದಿದ್ದ ನ್ಯೂಟ್ರಲ್ ಸ್ಕ್ರೂ ಬಿಗಿಮಾಡುವಾಗ ಮಾವ ಟಾರ್ಚ್ ಹಿಡಿದು ಅವನ ಹೆಗಲ ಮೇಲಿಂದಲೇ ಉಸ್ತುವಾರಿ ನಡೆಸಿದರು. ಆತ ಗೌರವದಿಂದಲೇ ಕೇಳಿದ: "ತಾವೂ ಕೆಇಬಿನಲ್ಲಿ ಇದ್ರಾ ಸಾರ್?"

"ಇಲ್ಲಪ್ಪ, ರೇಷ್ಮೆ ಇಲಾಖೆ. ಇನ್ನೊಂದು ಅರ್ಧ ಸುತ್ತು ತಿರುಗಿಸು."